ಬಸುರಿನಿಂದ ಬಾಣಂತನದವರೆಗೆ: ಎಚ್‌ಐವಿ ಚಿಕಿತ್ಸೆಯಲ್ಲಿ ಔಷಧನಿಷ್ಠೆಯ ಇತಿಹಾಸ

ಎಚ್‌ಐವಿ ಸೋಂಕಿರುವ ತಾಯಿಗೆ ಯಾವ ಚಿಕಿತ್ಸೆಯೂ ದೊರೆಯದಿದ್ದಲ್ಲಿ ಗರ್ಭ, ಹೆರಿಗೆ ಅಥವಾ ಎದೆಹಾಲಿನ ಮೂಲಕ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಶೇ. 15ರಿಂದ 45ರಷ್ಟಿರುತ್ತದೆ, ತಾಯಿ ನಿತ್ಯವೂ ಗುಳಿಗೆ ನುಂಗಿ ರಕ್ತದಲ್ಲಿನ ವೈರಾಣುವನ್ನು ಹತೋಟಿಯಲ್ಲಿಟ್ಟುಕೊಂಡರೆ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಈ ಅಂತರ ಔಷಧದ ಗುಣವನ್ನಷ್ಟೇ ಅಲ್ಲ, ಅದನ್ನು ಬಿಡದೆ ಸೇವಿಸುವ ಔಷಧನಿಷ್ಠೆಯನ್ನೂ ಅವಲಂಬಿಸಿದೆ.

ಅಮೆರಿಕ ಮತ್ತು ಫ್ರಾನ್ಸಿನಲ್ಲಿ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗವು, ಗರ್ಭಿಣಿಗೆ ದಿನಕ್ಕೆ ಐದು ಬಾರಿ ಜಿಡೋವುಡಿನ್ ಕೊಟ್ಟು, ಹೆರಿಗೆಯಲ್ಲೂ ಆ ಬಳಿಕ ಶಿಶುವಿಗೂ ಅದನ್ನೇ ಮುಂದುವರಿಸಿದಾಗ ಸೋಂಕಿನ ಪ್ರಮಾಣ ಶೇ. 25.5ರಿಂದ 8.3ಕ್ಕೆ ಇಳಿಯುವುದನ್ನು ತೋರಿಸಿತು. ಬಡ ದೇಶಗಳಿಗೆ ಈ ಕ್ರಮ ದುಬಾರಿಯೂ ಕಷ್ಟಸಾಧ್ಯವೂ ಆಗಿದ್ದುದರಿಂದ, ಹೆರಿಗೆ ನೋವು ಕಾಣಿಸಿಕೊಂಡಾಗ ತಾಯಿಗೆ ಒಂದೇ ನೆವಿರಪಿನ್ ಗುಳಿಗೆ, ಹುಟ್ಟಿದ ಮಗುವಿಗೆ ಅದರ ದ್ರಾವಣ ಕೊಡುವ ಉಗಾಂಡದ 1999ರ ಪ್ರಯೋಗವು ಭಾರತಕ್ಕೂ ಮಾದರಿಯಾಯಿತು. ಆಗ ಔಷಧನಿಷ್ಠೆಯೆಂದರೆ ಒಂದು ದಿನದ ಮಾತು. ಹೆರಿಗೆ ಆಸ್ಪತ್ರೆಯಲ್ಲಾದರೆ ಕೆಲಸ ಮುಗಿಯುತ್ತಿತ್ತು. ಆದರೆ ಒಂಟಿ ಗುಳಿಗೆಯು ವೈರಾಣುವಿನಲ್ಲಿ ಪ್ರತಿರೋಧ ಹುಟ್ಟಿಸಿ, ಅಂದರೆ ಅದೇ ವರ್ಗದ ಔಷಧಕ್ಕೆ ವೈರಾಣು ಮುಂದೆ ಬಗ್ಗದಂತೆ ಮಾಡಿ, ತಾಯಿಯ ಚಿಕಿತ್ಸೆಗೇ ತೊಡಕಾಗುತ್ತಿತ್ತು.

2004ರ ಏಪ್ರಿಲ್ 1ರಂದು ದೇಶದಲ್ಲಿ ಉಚಿತ ಎಆರ್‌ಟಿ, ಎಂದರೆ ಹಲವು ಔಷಧಗಳನ್ನು ಕೂಡಿಸಿ ಕೊಡುವ ವೈರಾಣು ನಿರೋಧಕ ಚಿಕಿತ್ಸೆ, ಆರಂಭವಾದಾಗ ಕರ್ನಾಟಕವೂ ಮೊದಲ ರಾಜ್ಯಗಳ ಸಾಲಿನಲ್ಲಿತ್ತು. 2014ರ ಜನವರಿ 1ರಿಂದ ಸೋಂಕಿರುವ ಎಲ್ಲ ಗರ್ಭಿಣಿಯರಿಗೂ ಜೀವನಪರ್ಯಂತ ಚಿಕಿತ್ಸೆ ರಾಷ್ಟ್ರೀಯ ನೀತಿಯಾಯಿತು. ಇದು ನಿಸ್ಸಂಶಯವಾಗಿ ದೊಡ್ಡ ಹೆಜ್ಜೆ. ಆದರೆ ಅದರೊಂದಿಗೆ ಆಸ್ಪತ್ರೆಯ ಒಂದು ದಿನದ ಹೊಣೆ ಹೆಣ್ಣಿನ ಪ್ರತಿದಿನದ ಹೊಣೆಯಾಯಿತು.

ಆ ಹೊಣೆ ಯಾವಾಗ ಹೆಚ್ಚು ಭಾರವಾಗುತ್ತದೆಂಬುದನ್ನು 2012ರಲ್ಲಿ ಪ್ರಕಟವಾದ, ವಿವಿಧ ದೇಶಗಳ 51 ಅಧ್ಯಯನಗಳ ಒಟ್ಟು ವಿಶ್ಲೇಷಣೆ ಹೇಳುತ್ತದೆ: ಸಾಕಷ್ಟು ಔಷಧನಿಷ್ಠೆ ತೋರಿದವರು ಬಸುರಿನ ಅವಧಿಯಲ್ಲಿ ಶೇ. 75.7ರಷ್ಟಿದ್ದರೆ, ಹೆರಿಗೆಯ ನಂತರ ಶೇ. 53ರಷ್ಟು ಮಾತ್ರ. ಕನ್ನಡನಾಡಿನಲ್ಲಿ ಈ ಅವಧಿಯೇ ತವರಿನ ಬಾಣಂತನದ ಕಾಲವೂ ಹೌದು. ತರೀಕೆರೆ ತಾಲ್ಲೂಕಿನ ಅಮೃತಾಪುರದಂಥ ಊರಿಗೆ ಜಿಲ್ಲಾ ಕೇಂದ್ರ ಚಿಕ್ಕಮಗಳೂರು ಸುಮಾರು 60 ಕಿಲೋಮೀಟರ್ ದೂರ. ಗಂಡನ ಊರಿನ ಎಆರ್‌ಟಿ ಕೇಂದ್ರದಲ್ಲಿ ನೋಂದಾಯಿಸಿಕೊಂಡವಳು ತವರಿಗೆ ಬಂದಾಗ ಕೇಂದ್ರ ಬದಲಾಗಬೇಕು, ಬಂಧುಗಳು ತುಂಬಿದ ಮನೆಯಲ್ಲಿ ಗುಳಿಗೆಯ ಡಬ್ಬಿ ಯಾರ ಕಣ್ಣಿಗೂ ಬೀಳದಂತೆ ಇರಬೇಕು, ಹಸುಗೂಸನ್ನು ಬಿಟ್ಟು ಔಷಧ ತರಲು ಹೊರಟರೆ ಕಾರಣ ಹೇಳಬೇಕು.

ಹೀಗೆ ಗುಳಿಗೆ ತಪ್ಪುವುದನ್ನು ಕೇವಲ ಮರೆವೆಂದು ತಿಳಿಯುವುದು ತಪ್ಪು. ದಕ್ಷಿಣ ಭಾರತದಲ್ಲಿ ಚಿಕಿತ್ಸೆ ಆರಂಭಿಸಿದ 631 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊಬೈಲ್ ಮೂಲಕ ನೆನಪಿಸಿದ್ದರಿಂದ ಗಮನಾರ್ಹ ವ್ಯತ್ಯಾಸವೇನೂ ಆಗಲಿಲ್ಲ. ಆ ಪ್ರಯೋಗ ಗರ್ಭಿಣಿಯರಿಗೆಂದೇ ನಡೆದದ್ದಲ್ಲವಾದರೂ, ಅಡ್ಡಿ ನೆನಪಿಗಿಂತ ಆಚೆಯೂ ಇದೆಯೆಂಬುದಕ್ಕೆ ಅದು ಪುಷ್ಟಿ ಕೊಡುತ್ತದೆ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ 2017ರ ಎಚ್‌ಐವಿ ಕಾಯ್ದೆ ಸೋಂಕಿತರ ಗೋಪ್ಯತೆಗೆ ರಕ್ಷಣೆ ಕೊಟ್ಟಿದೆಯಾದರೂ, ಮನೆಯೊಳಗಿನ ಭಯವನ್ನು ಕಾಯ್ದೆಯೊಂದೇ ಕಳೆಯಲಾರದು. ಬಾಣಂತನ ಎಲ್ಲಿ ಎಂಬುದನ್ನು ಆಪ್ತಸಮಾಲೋಚಕರು ಬಸುರಿನಲ್ಲೇ ಕೇಳಿ ತಿಳಿದು, ತವರಿಗೆ ಹತ್ತಿರದ ಕೇಂದ್ರದಲ್ಲಿ ಔಷಧ ಸಿಗುವಂತೆ ಹೆರಿಗೆಗೆ ಮೊದಲೇ ಏರ್ಪಾಡು ಮಾಡಬೇಕು.