ಅದಿತಿ ಅಶೋಕ್: ಹವ್ಯಾಸಿ ಗಾಲ್ಫ್‌ನಿಂದ ವೃತ್ತಿಪರ ಗಾಲ್ಫ್‌ವರೆಗೆ

ಪೀಠಿಕೆ

ಕರ್ನಾಟಕದ ಗಾಲ್ಫ್ ಕ್ರೀಡಾಪಟುಗಳಲ್ಲಿ ಕುಮಾರಿ ಅದಿತಿ ಅಶೋಕ್ ಅವರು ಪ್ರಮುಖರಾಗಿರುತ್ತಾರೆ. ಇವರು 1998ರ ಮಾರ್ಚ್ 29ರಂದು ಬೆಂಗಳೂರಿನಲ್ಲಿ ಜನಿಸಿದರು. ಐದನೆಯ ವಯಸ್ಸಿನಲ್ಲಿ ಗಾಲ್ಫ್ ಆಟವನ್ನು ಪ್ರಾರಂಭಿಸಿ, ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಅಭ್ಯಾಸ ಮಾಡಿದರು.

ಹವ್ಯಾಸಿ ಮತ್ತು ವೃತ್ತಿಪರ ಆಟಗಾರರು

ಬಹುಮಾನದ ಹಣವನ್ನು ಜೀವನೋಪಾಯವಾಗಿ ಪಡೆಯದೆ ಆಡುವವರನ್ನು ಹವ್ಯಾಸಿಗಳೆಂದೂ, ಹಣಕ್ಕಾಗಿ ಸ್ಪರ್ಧಿಸುವವರನ್ನು ವೃತ್ತಿಪರರೆಂದೂ ಪರಿಗಣಿಸಲಾಗುತ್ತದೆ. 2021ರ ಅಂತ್ಯದವರೆಗೆ ಜಾರಿಯಲ್ಲಿದ್ದ ನಿಯಮಗಳನ್ವಯ ಹವ್ಯಾಸಿಗಳು ನಗದು ಬಹುಮಾನ ಸ್ವೀಕರಿಸುವಂತಿರಲಿಲ್ಲ. 2022ರಿಂದ 1,000 ಡಾಲರ್ ಮಿತಿಗೊಳಪಟ್ಟು ಅವಕಾಶ ಕಲ್ಪಿಸಲಾಗಿದೆ. ಒಮ್ಮೆ ವೃತ್ತಿಪರರಾದವರು ಹವ್ಯಾಸಿಗಳಿಗೆ ಮೀಸಲಾದ ಪಂದ್ಯಾವಳಿಗಳಲ್ಲಿ ಭಾಗವಹಿಸುವ ಅರ್ಹತೆಯನ್ನು ಕಳೆದುಕೊಳ್ಳುತ್ತಾರೆ. ಆದುದರಿಂದ ಈ ನಿರ್ಧಾರವು ಆಟಗಾರರ ಜೀವನದಲ್ಲಿ ಮಹತ್ವದ್ದಾಗಿರುತ್ತದೆ.

ಹವ್ಯಾಸಿ ಅವಧಿಯ ಸಾಧನೆಗಳು

ಇವರು 2014ರಲ್ಲಿ ಏಷ್ಯನ್ ಕ್ರೀಡಾಕೂಟ ಹಾಗೂ ಯುವ ಒಲಿಂಪಿಕ್ ಕ್ರೀಡಾಕೂಟಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. 2015ರಲ್ಲಿ ಬ್ರಿಟಿಷ್ ಮಹಿಳಾ ಮುಕ್ತ ಹವ್ಯಾಸಿ ಸ್ಟ್ರೋಕ್ ಪ್ಲೇ ಚಾಂಪಿಯನ್‌ಷಿಪ್ ಗೆದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಹಿಳಾ ಯುರೋಪಿಯನ್ ಟೂರ್‌ನ ಅರ್ಹತಾ ಸ್ಪರ್ಧೆಯಲ್ಲಿ ಪ್ರಥಮ ಸ್ಥಾನ ಪಡೆದರು.

ವೃತ್ತಿಪರ ಅವಧಿ

2016ರ ಜನವರಿ 1ರಂದು, ಹದಿನೇಳನೆಯ ವಯಸ್ಸಿನಲ್ಲಿ, ಇವರು ವೃತ್ತಿಪರ ಆಟಗಾರ್ತಿಯಾದರು. ಆ ವರ್ಷದ ನವೆಂಬರ್‌ನಲ್ಲಿ ಗುರ್‌ಗಾಂವ್‌ನಲ್ಲಿ ಜರುಗಿದ ಮಹಿಳಾ ಇಂಡಿಯನ್ ಓಪನ್ ಪಂದ್ಯಾವಳಿಯನ್ನು ಒಂದು ಹೊಡೆತದ ಅಂತರದಿಂದ ಗೆದ್ದು, ಮಹಿಳಾ ಯುರೋಪಿಯನ್ ಟೂರ್‌ನಲ್ಲಿ ಪ್ರಶಸ್ತಿ ಪಡೆದ ಮೊದಲ ಭಾರತೀಯರೆನಿಸಿದರು. ತರುವಾಯ ಕತಾರ್ ಓಪನ್ ಗೆದ್ದು, ಆ ಟೂರ್‌ನ ವರ್ಷದ ಉತ್ತಮ ಹೊಸ ಆಟಗಾರ್ತಿ ಗೌರವಕ್ಕೂ ಪಾತ್ರರಾದರು. 2017ರಿಂದ ಅಮೆರಿಕದ ಎಲ್.ಪಿ.ಜಿ.ಎ. ಟೂರ್‌ನಲ್ಲಿ ಆಡತೊಡಗಿದರು. 2020ನೇ ಸಾಲಿನ ಅರ್ಜುನ ಪ್ರಶಸ್ತಿಯನ್ನು ಪಡೆದಿರುತ್ತಾರೆ. 2023ರಲ್ಲಿ ಕೀನ್ಯಾ ಮತ್ತು ಸ್ಪೇನ್ ದೇಶಗಳ ಪಂದ್ಯಾವಳಿಗಳನ್ನು ಗೆದ್ದರು.

ಒಲಿಂಪಿಕ್ ಹಾಗೂ ಏಷ್ಯನ್ ಕ್ರೀಡಾಕೂಟಗಳು

112 ವರ್ಷಗಳ ನಂತರ 2016ರಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ ಗಾಲ್ಫ್ ಪುನಃ ಸೇರ್ಪಡೆಯಾದಾಗ ಇವರಿಗೆ 18 ವರ್ಷ. ತಂದೆಯವರು ಇವರ ಕ್ಯಾಡಿಯಾಗಿದ್ದರು. ಅಲ್ಲಿ 41ನೇ ಸ್ಥಾನ ಲಭಿಸಿತು.

ಟೋಕಿಯೊ ಒಲಿಂಪಿಕ್ಸ್‌ಗೆ ಇವರು ವಿಶ್ವ ಶ್ರೇಯಾಂಕದಲ್ಲಿ 200ನೇ ಸ್ಥಾನದಲ್ಲಿದ್ದು ತೆರಳಿದರು. ಈ ಬಾರಿ ತಾಯಿಯವರು ಕ್ಯಾಡಿಯಾಗಿದ್ದರು. ಮೂರು ಸುತ್ತುಗಳ ಅಂತ್ಯಕ್ಕೆ ಎರಡನೆಯ ಸ್ಥಾನದಲ್ಲಿದ್ದ ಇವರು, ಅಂತಿಮವಾಗಿ 269 ಹೊಡೆತಗಳೊಂದಿಗೆ ನಾಲ್ಕನೆಯವರಾದರು. ಕೇವಲ ಒಂದು ಹೊಡೆತದಿಂದ ಪದಕದ ಅವಕಾಶ ಕೈತಪ್ಪಿತು. ಗಾಲ್ಫ್ ಆಟದ ಪರಿಚಯವಿರದ ಅನೇಕರೂ ಅಂದು ಈ ಸ್ಪರ್ಧೆಯನ್ನು ವೀಕ್ಷಿಸಿದರು.

ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮೂರನೆಯ ಸುತ್ತಿನ ನಂತರ ಏಳು ಹೊಡೆತಗಳ ಮುನ್ನಡೆಯಿದ್ದರೂ, ಕೊನೆಯ ಸುತ್ತಿನಲ್ಲಿ 77 ಹೊಡೆತಗಳನ್ನು ತೆಗೆದುಕೊಂಡು ಬೆಳ್ಳಿ ಪದಕ ಪಡೆದರು. ಆದಾಗ್ಯೂ ಏಷ್ಯನ್ ಕ್ರೀಡಾಕೂಟದ ಗಾಲ್ಫ್‌ನಲ್ಲಿ ಪದಕ ಗಳಿಸಿದ ಮೊದಲ ಭಾರತೀಯ ಮಹಿಳೆ ಇವರಾಗಿರುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್ ಇವರ ಮೂರನೆಯ ಒಲಿಂಪಿಕ್ಸ್ ಆಗಿತ್ತು.

ಸೂಚನೆ

ಟೋಕಿಯೊ 2020 ಕ್ರೀಡಾಕೂಟವು 2021ರಲ್ಲಿಯೂ, ಹಾಂಗ್‌ಝೌ 2022 ಕ್ರೀಡಾಕೂಟವು 2023ರಲ್ಲಿಯೂ ನಡೆದಿರುತ್ತವೆ. ಕ್ರೀಡಾ ಸಾಧನೆಯ ವಿವರ ನೀಡುವ ಅರ್ಜಿದಾರರು ಇಂತಹ ಸಂದರ್ಭಗಳಲ್ಲಿ ಕ್ರೀಡಾಕೂಟದ ಹೆಸರಿನಲ್ಲಿರುವ ವರ್ಷ ಹಾಗೂ ಅದು ನಡೆದ ವರ್ಷ ಎರಡನ್ನೂ ನಮೂದಿಸುವುದು, ಹವ್ಯಾಸಿ ಮತ್ತು ವೃತ್ತಿಪರ ಸಾಧನೆಗಳನ್ನು ಪ್ರತ್ಯೇಕವಾಗಿ ಬರೆಯುವುದು ಸೂಕ್ತ.