ಮಾಣಿಯಿಂದ ಗಲ್ಲಾದವರೆಗೆ: ಉಡುಪಿ ಹೋಟೆಲುಗಳು ಹುಡುಗರನ್ನು ಕರೆತಂದ ಬಗೆ, ಉಳಿಸಿಕೊಂಡ ಬಗೆ



ನಮ್ಮ ಕೂಟಗಳಲ್ಲಿ ಊಟದ ಹೊತ್ತಿಗೆ ಕೇಳಿಬರುವ ಒಂದು ದೂರು ಇಲ್ಲಿರುವ ಎಲ್ಲರಿಗೂ ಪರಿಚಿತವಾದುದು. ಸ್ವಂತ ಕ್ಲಿನಿಕ್ ನಡೆಸುವವರಾಗಲಿ, ಮೋಟೆಲು, ಕಿರಾಣಿ ಅಂಗಡಿ, ಸಣ್ಣ ಸಾಫ್ಟ್‌ವೇರ್ ಕಂಪನಿ ಇಟ್ಟುಕೊಂಡವರಾಗಲಿ, ಎಲ್ಲರೂ ಹೇಳುವುದು ಒಂದೇ: ಹುಡುಗರು ಬರುತ್ತಾರೆ, ಕೆಲಸ ಕಲಿಯುತ್ತಾರೆ, ಹೊರಟುಬಿಡುತ್ತಾರೆ. ದೊಡ್ಡ ಸಂಸ್ಥೆಗಳ ಸಂಬಳವನ್ನು ಸಣ್ಣ ಯಜಮಾನನು ಕೊಡಲಾರ; ಕೊಡದಿದ್ದರೆ ಯಾರೂ ನಿಲ್ಲಲಾರರು. ಇದೇ ಇಕ್ಕಟ್ಟನ್ನು ನಮ್ಮ ನಾಡಿನವರೇ ಇಪ್ಪತ್ತನೆಯ ಶತಮಾನದಲ್ಲಿ ಮದರಾಸು, ಬೊಂಬಾಯಿ, ಬೆಂಗಳೂರುಗಳಲ್ಲಿ ಎದುರಿಸಿದರು, ಮತ್ತು ಬಹುಕಾಲ ಗೆದ್ದರು. ಅವರೇ ಉಡುಪಿ ಹೋಟೆಲಿನವರು. ಅವರು ಗೆದ್ದ ಬಗೆಯನ್ನೂ ಆ ಗೆಲುವಿಗೆ ತೆತ್ತ ಬೆಲೆಯನ್ನೂ ಇಂದು ಸ್ವಲ್ಪ ವಿಚಾರ ಮಾಡೋಣ.

ಮೊದಲು ಒಂದು ಶಬ್ದದಿಂದ ತೊಡಗೋಣ. ಹೋಟೆಲಿನಲ್ಲಿ ಕಾಫಿ ತಂದಿಡುವ ಹುಡುಗನನ್ನು ನಾವು 'ಮಾಣಿ' ಎಂದು ಕರೆಯುತ್ತ ಬಂದಿದ್ದೇವೆ. ಕರಾವಳಿಯ ಬ್ರಾಹ್ಮಣರ ಮನೆಮಾತಿನಲ್ಲಿ ಮಾಣಿ ಎಂದರೆ ಹುಡುಗ, ವಟು; ಮನೆಯ ಮಗನನ್ನು ತಾಯಿ ಕರೆಯುತ್ತಿದ್ದ ಹೆಸರು. ಆ ಹೆಸರು ಒಂದು ಉದ್ಯೋಗದ ಹೆಸರಾಯಿತೆಂದರೆ ಆ ಮನೆಗಳಿಂದ ಎಷ್ಟು ಮಕ್ಕಳು ಹೊರಟಿರಬೇಕೆಂಬುದನ್ನು ಊಹಿಸಬಹುದು. ಹೊರಡಲು ಕಾರಣಗಳಿಗೆ ಕೊರತೆಯಿರಲಿಲ್ಲ. ತುಂಡು ಭೂಮಿ, ತುಂಬಿದ ಸಂಸಾರ, ವರ್ಷದಲ್ಲಿ ಕೆಲವು ತಿಂಗಳ ಅಕ್ಕಿ. ಅದರ ಮೇಲೆ 1923ರ ನೆರೆ ದಕ್ಷಿಣ ಕನ್ನಡವನ್ನು ತೊಳೆದುಹಾಕಿತು. ಆ ಬಳಿಕ ಊರು ಬಿಟ್ಟವರು ಅನೇಕರು. ಇನ್ನೊಂದು ಕಡೆ ಉಡುಪಿಯ ಅಷ್ಟಮಠಗಳ ಅಡುಗೆಶಾಲೆಗಳಲ್ಲಿ ಸಾವಿರಾರು ಜನರಿಗೆ ಶುಚಿಯಾಗಿ ಅಟ್ಟು ಬಡಿಸುವ ವಿದ್ಯೆ ತಲೆಮಾರುಗಳಿಂದ ನೆಲೆಸಿತ್ತು. ಹಸಿವು ಮತ್ತು ವಿದ್ಯೆ ಎರಡೂ ಒಂದೇ ಊರಿನಲ್ಲಿದ್ದವು.

ಹುಡುಗರನ್ನು ಕರೆತರಲು ಜಾಹೀರಾತು ಬೇಕಾಗಲಿಲ್ಲ. ರಜೆಗೆ ಊರಿಗೆ ಬಂದ ಮಾವನೋ ನೆರೆಮನೆಯವನೋ ಮರಳುವಾಗ ಒಬ್ಬಿಬ್ಬರನ್ನು ಜೊತೆಗೆ ಕರೆದೊಯ್ಯುತ್ತಿದ್ದನು. ಯಜಮಾನನಿಗೆ ಹುಡುಗನ ತಂದೆಯ ಗುರುತಿತ್ತು. ತಂದೆಗೆ ಯಜಮಾನನ ಮನೆ ಗೊತ್ತಿತ್ತು. ಹುಡುಗನು ಕದ್ದರೆ ಊರಿಗೆ ಕಾಗದ ಹೋಗುತ್ತಿತ್ತು. ಯಜಮಾನನು ಹೊಡೆದರೂ, ಎಂದಾದರೊಮ್ಮೆ, ಊರಿಗೆ ಸುದ್ದಿ ಹೋಗುತ್ತಿತ್ತು. ಊಟ ಹೋಟೆಲಿನಲ್ಲೇ, ನಿದ್ರೆ ರಾತ್ರಿ ಮೇಜುಗಳನ್ನು ಸರಿಸಿದ ಜಾಗದಲ್ಲೇ. ಪರಸ್ಥಳದಲ್ಲಿ ತುಳು, ಕನ್ನಡ ಕೇಳಿಸುವ ಸೂರು ಅದೊಂದೇ.

ಇಷ್ಟರಿಂದ ಹುಡುಗನು ಬಂದಾನು, ಆದರೆ ನಿಂತಾನೆ? ನಿಲ್ಲಿಸಿದ್ದು ಏಣಿ. ಮೊದಲು ಲೋಟ ತಟ್ಟೆ ತೊಳೆಯುವುದು, ಬಳಿಕ ಮೇಜು ಒರೆಸುವುದು, ಬಳಿಕ ಸಪ್ಲೈ; ಕೈ ಪಳಗಿದವನು ಒಲೆಯ ಬಳಿಗೆ, ಲೆಕ್ಕ ಬಲ್ಲವನು ಗಲ್ಲಾದ ಬಳಿಗೆ. ಗಲ್ಲಾದಲ್ಲಿ ಕುಳಿತವನು ಒಂದು ದಿನ ಪಾಲುದಾರನಾಗಬಹುದಿತ್ತು. ಇಲ್ಲವೇ ಬೊಂಬಾಯಿಯಲ್ಲಿ 'ಕಂಡಕ್ಟಿಂಗ್' ಎಂದು ಹೆಸರಾದ ಪದ್ಧತಿಯಂತೆ ಮಾಲೀಕನಿಗೆ ನಿಶ್ಚಿತ ಹಣ ಕೊಟ್ಟು ಅವನ ಹೋಟೆಲನ್ನು ತಾನೇ ನಡೆಸಬಹುದಿತ್ತು. ಬಂಡವಾಳವಿಲ್ಲದವನನ್ನೂ ಯಜಮಾನನನ್ನಾಗಿಸಿದ ಈ ಏರ್ಪಾಟನ್ನು ಅರ್ಥಶಾಸ್ತ್ರಜ್ಞರು ಇನ್ನೂ ಗಮನಿಸಬೇಕೆಂದು ನಮಗೆ ತೋರುತ್ತದೆ.

ಏಣಿ ನಿಜವಾದುದೆಂಬುದಕ್ಕೆ ಸಾಕ್ಷಿ ಹುಡುಗನ ಕಣ್ಣೆದುರಿಗೇ ಇತ್ತು. ಕಡಂದಲೆಯ ಕೆ. ಕೃಷ್ಣರಾಯರು ಅಡುಗೆಮನೆಯ ಚಾಕರಿಯಿಂದಲೇ ಮೇಲೆ ಬಂದವರು. ಮದರಾಸಿನ ಜಾರ್ಜ್ ಟೌನಿನಲ್ಲಿ ಸಣ್ಣದೊಂದು ಹೋಟೆಲು ಹಿಡಿದರು; 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಬೊಂಬಾಯಿಯ ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ಎ. ರಾಮ ನಾಯಕರೂ ಹುಡುಗರಾಗಿದ್ದಾಗಲೇ ಊರು ಬಿಟ್ಟು ದುಡಿದವರು. ಲೋಟ ತೊಳೆಯುವ ಹುಡುಗನಿಗೆ ಇಂಥವರು ಪುಸ್ತಕದ ಮಹಾಪುರುಷರಲ್ಲ, ಎದುರಿನ ಬೀದಿಯವರು.

ವೈದ್ಯರಾದ ನಮಗೆ ಇಲ್ಲಿ ನಮ್ಮ ವೃತ್ತಿಯ ಒಂದು ಹೋಲಿಕೆ ನೆನಪಾಗದೆ ಇರದು. 1889ರಲ್ಲಿ ಬಾಲ್ಟಿಮೋರಿನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆದಾಗ ಆಸ್ಲರ್, ಹಾಲ್ಸ್ಟೆಡ್ ಮೊದಲಾದವರು ರೆಸಿಡೆನ್ಸಿ ಪದ್ಧತಿಯನ್ನು ರೂಪಿಸಿದರು. ತರುಣ ವೈದ್ಯನು ಅಕ್ಷರಶಃ ಆಸ್ಪತ್ರೆಯಲ್ಲೇ ವಾಸಿಸುತ್ತಿದ್ದನು. ಆ ಹೆಸರು ಬಂದದ್ದೇ ಹಾಗೆ. ಕೂಲಿ ಅಲ್ಪ, ದುಡಿಮೆಗೆ ಗಡಿಯಾರವಿಲ್ಲ, ಆದರೂ ಬಂದವನು ನಿಲ್ಲುತ್ತಿದ್ದನು. ತಲೆಯ ಮೇಲೆ ಏಣಿ ಕಾಣುತ್ತಿತ್ತು. ವ್ಯತ್ಯಾಸವೆಂದರೆ ಹಾಲ್ಸ್ಟೆಡ್ಡರ ಏಣಿ ಮೇಲೆ ಹೋದಂತೆ ಕಿರಿದಾಗುತ್ತಿತ್ತು, ಹತ್ತಿದವರಲ್ಲಿ ಕೆಲವರಿಗಷ್ಟೇ ತುದಿ. ಉಡುಪಿಯವರದು ಹಾಗಲ್ಲ, ತುದಿ ಮುಟ್ಟಿದವನು ಬೇರೊಂದು ಬೀದಿಯಲ್ಲಿ ಹೊಸ ಏಣಿ ನಿಲ್ಲಿಸುತ್ತಿದ್ದನು. ಹಳೆಯ ಯಜಮಾನನಿಗೆ ಒಬ್ಬ ಒಳ್ಳೆಯ ಕೆಲಸಗಾರ ನಷ್ಟವಾಗುತ್ತಿದ್ದನು. ಆದರೆ ಅವನ ಊರಿನಿಂದ ಮತ್ತಿಬ್ಬರು ಬರುತ್ತಿದ್ದರು, ಅವನು ಯಜಮಾನನಾದ ಸುದ್ದಿ ಕೇಳಿ. ಬಿಟ್ಟುಕೊಡಲು ಬಲ್ಲವನಿಗೆ ಮಾತ್ರ ಹುಡುಗರ ಕೊರತೆ ಬರಲಿಲ್ಲ ಎಂಬುದು ಈ ಇತಿಹಾಸದಲ್ಲಿ ನಾವು ಕಾಣುವ ಮುಖ್ಯ ಸಂಗತಿ.

ಇದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಬೊಂಬಾಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ. ಕೋಟೆ ಪ್ರದೇಶದ ಹೋಟೆಲು, ಕಚೇರಿ ಕ್ಯಾಂಟೀನುಗಳಲ್ಲಿ ದುಡಿಯುವ ಹುಡುಗರಿಗಾಗಿ ಮೊಗವೀರ, ಬಿಲ್ಲವ ಮೊದಲಾದ ಸಮಾಜಗಳ ಸಂಘಗಳೂ ಇತರ ಕನ್ನಡ ಸಂಸ್ಥೆಗಳೂ ಈ ಶಾಲೆಗಳನ್ನು ನಡೆಸಿದವು. ಹಗಲು ಬೇರೆಯವರ ಮಕ್ಕಳು ಕಲಿತು ಹೋದ ಕೊಠಡಿಗಳಲ್ಲಿ ರಾತ್ರಿ ಇವರ ಪಾಠ. ಎಣ್ಣೆ ಜಿಡ್ಡಿನ ಅಂಗಿ ಬದಲಿಸಿ, ಪುಸ್ತಕ ಹಿಡಿದು, ನಡೆದೇ ಬರುತ್ತಿದ್ದರು. ಪಾಠದ ನಡುವೆ ತೂಕಡಿಸಿದವನನ್ನು ಎಬ್ಬಿಸಲು ಎಷ್ಟೋ ಮಾಸ್ತರರಿಗೆ ಮನಸ್ಸು ಬಾರದು; ಅವರೂ ಹಗಲು ಬೇರೆಡೆ ದುಡಿದು ಬಂದವರೇ ತಾನೆ. ಹೀಗೆ ಮೆಟ್ರಿಕ್ ಮುಗಿಸಿ ಬ್ಯಾಂಕು ಸೇರಿದವರು, ವಕೀಲರಾದವರು, ಪತ್ರಕರ್ತರೂ ಲೇಖಕರೂ ಆದವರು ಮುಂಬಯಿ ಕನ್ನಡಿಗರಲ್ಲಿ ಒಂದು ಪೀಳಿಗೆಯೇ ಇದ್ದಾರೆ.

ಇದರಲ್ಲಿ ಯಜಮಾನನ ಪಾಲನ್ನು ಗಮನಿಸಿ. ಸಂಜೆ ಏಳರ ಹೊತ್ತು ಹೋಟೆಲಿಗೆ ಗಿರಾಕಿ ಮುಗಿಬೀಳುವ ಹೊತ್ತು. ಆ ಹೊತ್ತಿನಲ್ಲಿ ಹುಡುಗನನ್ನು ಶಾಲೆಗೆ ಕಳುಹಿಸುವುದೆಂದರೆ ದಿನದ ವ್ಯಾಪಾರಕ್ಕೆ ಪೆಟ್ಟು, ಜೊತೆಗೆ ಐದಾರು ವರ್ಷದಲ್ಲಿ ಆ ಹುಡುಗನೇ ಕೈಬಿಟ್ಟು ಹೋಗುವುದು ಖಚಿತ. ಎಲ್ಲರೂ ಕಳುಹಿಸಲಿಲ್ಲ. ಪುಸ್ತಕ ಕಿತ್ತುಕೊಂಡು ಸೌದೆ ಒಲೆಯ ಮುಂದೆ ಕೂರಿಸಿದವರೂ ಇದ್ದರು. ಆದರೆ ಶಾಲೆಗೆ ಬಿಡುವ ಹೋಟೆಲು ಯಾವುದೆಂಬುದು ಹುಡುಗರ ಬಾಯಿಂದ ಬಾಯಿಗೆ ಹರಡುತ್ತಿತ್ತು; ಮಗನನ್ನು ಕಳುಹಿಸುವ ತಾಯಿಯೂ ಅದನ್ನೇ ವಿಚಾರಿಸುತ್ತಿದ್ದಳು.

ಈ ಕಥೆಯನ್ನು ಬರಿಯ ಹೆಮ್ಮೆಯಿಂದ ಹೇಳಿ ಮುಗಿಸುವುದು ನ್ಯಾಯವಲ್ಲ. ಹನ್ನೊಂದು ಹನ್ನೆರಡು ವರ್ಷದ ಮಗು ಬೆಳಗಿನ ಜಾವದಿಂದ ರಾತ್ರಿಯವರೆಗೆ ನಿಂತೇ ದುಡಿಯಿತು. ದಿನವಿಡೀ ನೀರಿನಲ್ಲಿ ನೆನೆದ ಬೆರಳ ಸಂದಿನ ಹುಣ್ಣು, ಬಿಸಿಯೆಣ್ಣೆಯ ಗಾಯ, ಒಂದೇ ಕೋಣೆಯಲ್ಲಿ ಹತ್ತಾರು ಜನ ಮಲಗುವುದರಿಂದ ಹರಡುವ ಕ್ಷಯ, ಇವೆಲ್ಲ ಯಾವ ಗಲ್ಲಾ ಪುಸ್ತಕದಲ್ಲೂ ಖರ್ಚೆಂದು ಬರೆಯಲ್ಪಡಲಿಲ್ಲ. ಏಣಿ ಎಲ್ಲರಿಗೂ ಸಮನಾಗಿಯೂ ಇರಲಿಲ್ಲ. ಆರಂಭದ ದಶಕಗಳಲ್ಲಿ ಒಲೆಯ ಮುಂದೆ ಬ್ರಾಹ್ಮಣನೇ ನಿಲ್ಲಬೇಕೆಂದು ಗಿರಾಕಿಯೂ ಬಯಸಿದ, ಯಜಮಾನನೂ ಅದನ್ನೇ ಫಲಕದಲ್ಲಿ ಬರೆಸಿದ. ಉಳಿದ ಜಾತಿಯ ಹುಡುಗರು ತೊಳೆಯುವ ಕಲ್ಲಿನ ಬಳಿಯೇ ಉಳಿದರು, ಇಲ್ಲವೇ ಬಂಟರೂ ಬಿಲ್ಲವರೂ ಮಾಡಿದಂತೆ ಬೊಂಬಾಯಿಯಲ್ಲಿ ತಮ್ಮವೇ ಹೋಟೆಲುಗಳನ್ನು ಕಟ್ಟಿಕೊಂಡರು. ನಮ್ಮ ವೈದ್ಯವೃತ್ತಿಯವರೇನೂ ಮೇಲಲ್ಲ. ರೆಸಿಡೆಂಟರ ದುಡಿಮೆಗೆ ವಾರಕ್ಕೆ 80 ಗಂಟೆಯ ಮಿತಿ ಅಮೆರಿಕದಾದ್ಯಂತ ಬಂದದ್ದು 2003ರಲ್ಲಿ.

ಯಜಮಾನನ ಕೃಪೆಗೆ ಕಾಯದೆ ತಾವೇ ದಾರಿ ಮಾಡಿಕೊಂಡವರೂ ಉಂಟು. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರು ಎ. ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಒಟ್ಟುಗೂಡಿ, 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲೇ ತಮ್ಮ ಮೊದಲ ಸಹಕಾರ ಸಂಘವನ್ನು ಸ್ಥಾಪಿಸಿದರು. ಅಲ್ಲಿ ಬಡಿಸುವವನೇ ಪಾಲುದಾರ. ಇನ್ನು 1975ರ ತುರ್ತು ಪರಿಸ್ಥಿತಿಯಲ್ಲಿ ಸರಕಾರ ಹೋಟೆಲು ತಿಂಡಿಯ ಬೆಲೆಗಳನ್ನು ಇಳಿಸಿದಾಗ ಬೆಂಗಳೂರಿನ ಎಂ.ಟಿ.ಆರ್. ಅಡುಗೆಮನೆ ಪುಡಿ, ಮಿಶ್ರಣಗಳ ಪೊಟ್ಟಣಗಳತ್ತ ತಿರುಗಿತು, ಒಲೆಯ ಮುಂದಿನ ಕೈಗಳಿಗೆ ಕೆಲಸ ಸಿಕ್ಕಿತು. ಇಲ್ಲಿಯ ಇಂಡಿಯನ್ ಸ್ಟೋರಿನಿಂದ ನಮ್ಮ ಮನೆಗೆ ಬರುವ ರವೆ ಇಡ್ಲಿ ಪೊಟ್ಟಣಕ್ಕೂ ಈ ಕಥೆಗೂ ಸಂಬಂಧವಿದೆಯೆಂದು ಮಕ್ಕಳಿಗೆ ತಿಳಿಸಬಹುದು.

ಹುಡುಗರ ಪ್ರವಾಹ ಬತ್ತಿದ್ದು ಹೋಟೆಲಿನ ಒಳಗಿನ ಕಾರಣಗಳಿಂದಲ್ಲ. 1974ರ ಭೂಸುಧಾರಣಾ ಕಾಯಿದೆಯಿಂದ ಗೇಣಿದಾರರ ಮಕ್ಕಳಿಗೆ ಊರಿನಲ್ಲೇ ನೆಲ ಸಿಕ್ಕಿತು. ನೆಲ ಕಳೆದುಕೊಂಡ ಮನೆಗಳಿಂದ ಒಂದು ಪೀಳಿಗೆ ಹೊರಟರೂ ಅವರು ತಮ್ಮ ಮಕ್ಕಳನ್ನು ಕಾಲೇಜಿಗೆ ಕಳುಹಿಸಿದರು. ಜಿಲ್ಲೆಯಲ್ಲೇ ಹುಟ್ಟಿದ ಬ್ಯಾಂಕುಗಳು ಓದಿದವರನ್ನು ಕರೆದವು, ಎಪ್ಪತ್ತರ ದಶಕದಿಂದ ಕೊಲ್ಲಿ ದೇಶಗಳು ಉಳಿದವರನ್ನು ಕರೆದವು. ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರಿನಿಂದ ಕೇಂದ್ರ ಸರಕಾರ ನಿಷೇಧಿಸಿತು. ಬಹಳ ತಡವಾಗಿ ಬಂದ ಆಜ್ಞೆ ಅದು.

ಇಂದು ಬೆಂಗಳೂರಿನ ದರ್ಶಿನಿಗಳಲ್ಲಿ ದೋಸೆ ಹೊಯ್ಯುವ ಕೈಗಳು ಎಷ್ಟೋ ಕಡೆ ಒಡಿಶಾದವು, ಅಸ್ಸಾಮಿನವು, ಬಂಗಾಳದವು, ನೇಪಾಳದವು. ಅವರಲ್ಲೂ ಒಬ್ಬ ಬಂದರೆ ತನ್ನ ಊರಿನ ಇನ್ನೊಬ್ಬನನ್ನು ಕರೆತರುತ್ತಾನೆ; ಊಟ, ವಸತಿಯ ಕರಾರೂ ಹಳೆಯದೇ. ಗಲ್ಲಾದಲ್ಲಿ ಕುಳಿತವನ ಮಾತು ಮಾತ್ರ ಅವರ ಮನೆಮಾತಲ್ಲ, ಹೋಟೆಲು ತೆರೆಯಲು ಬೇಕಾದ ಮುಂಗಡ ಹಣವೂ ಈಗ ತಟ್ಟೆ ತೊಳೆದು ಕೂಡಿಸುವಷ್ಟು ಉಳಿದಿಲ್ಲ.