ಯುನಿಕ್ಸ್ ಕೈಪಿಡಿಯ ಪರಂಪರೆ

ಚಿತ್ರಗಳ ನೆರವಿಲ್ಲದೆ ಕೇವಲ ಅಕ್ಷರರೂಪದ ಆಜ್ಞೆಗಳಿಂದ ಗಣಕಯಂತ್ರವನ್ನು ನಡೆಯಿಸುವ ಕಮಾಂಡ್ ಲೈನ್ ವಿದ್ಯೆಯ ಗ್ರಂಥಪರಂಪರೆಯಲ್ಲಿ ಅಗ್ರಸ್ಥಾನವು, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿಯವರು ರಚಿಸಿದ, 1971ರ ನವೆಂಬರ್ 3ರ ದಿನಾಂಕವನ್ನು ಹೊತ್ತ, ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಕೈಪಿಡಿಗೆ ಸಲ್ಲತಕ್ಕದ್ದು. ಒಂದೊಂದು ಆಜ್ಞೆಗೂ ಹೆಸರು, ಪ್ರಯೋಗಕ್ರಮ, ವಿವರಣೆ ಮೊದಲಾದ ಅಂಗಗಳನ್ನು ವಿಧಿಸಿ, ‘ದೋಷಗಳು’ ಎಂಬ ಶೀರ್ಷಿಕೆಯಡಿ ತಮ್ಮ ಕೃತಿಯ ಕುಂದುಗಳನ್ನು ತಾವೇ ನಿಸ್ಸಂಕೋಚವಾಗಿ ನಮೂದಿಸಿದ ಕರ್ತೃಗಳ ಪ್ರಾಮಾಣಿಕತೆಯು ಶ್ಲಾಘ್ಯವಾದುದು. ಆದರೂ ಅದು ಬಲ್ಲವರಿಗೆ ಆಕರವಾಗಿದ್ದಿತೇ ಹೊರತು ಹೊಸಬರಿಗೆ ಪಾಠವಾಗಿರಲಿಲ್ಲ.

ಆ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದುದು, ಬ್ರಯನ್ ಕರ್ನಿಹನ್ ಮತ್ತು ರಾಬ್ ಪೈಕ್ ಅವರು 1984ರಲ್ಲಿ ಪ್ರಕಟಿಸಿದ ‘ದಿ ಯುನಿಕ್ಸ್ ಪ್ರೋಗ್ರಾಮಿಂಗ್ ಎನ್ವಿರಾನ್‌ಮೆಂಟ್’. ಉದಾಹರಣೆಗೆ, ‘ಹೂ’ ಎಂಬ ಆಜ್ಞೆಯು ಗಣಕದಲ್ಲಿ ಕೆಲಸದಲ್ಲಿರುವವರ ಪಟ್ಟಿಯನ್ನೊದಗಿಸುತ್ತದೆ, ‘ಡಬ್ಲ್ಯುಸಿ’ ಸಾಲುಗಳನ್ನೆಣಿಸಬಲ್ಲುದು, ಬೆಲ್ ಪ್ರಯೋಗಾಲಯದವರೇ ಆದ ಡಗ್ ಮೆಕಿಲ್ರಾಯ್ ಅವರ ಒತ್ತಾಯದಿಂದ 1973ರಲ್ಲಿ ಬಳಕೆಗೆ ಬಂದ ‘ಪೈಪ್’ ಎಂಬ ಜೋಡಣೆಯಿಂದ ಮೊದಲನೆಯದರ ಫಲವನ್ನು ಎರಡನೆಯದಕ್ಕೆ ಹರಿಯಿಸಿದರೆ, ಜನರೆಷ್ಟೆಂಬುದು ತಾನಾಗಿ ತಿಳಿಯುತ್ತದೆ. ಅಲ್ಪಸಾಧನಗಳ ಸಂಯೋಗದಿಂದ ಮಹತ್ಕಾರ್ಯವನ್ನು ಸಾಧಿಸುವ ಈ ತತ್ತ್ವವನ್ನು ಆ ಗ್ರಂಥವು ಉದಾಹರಣೆಗಳ ಮೂಲಕವೇ ಮನಗಾಣಿಸುತ್ತದೆ.

ಅನಂತರ ಬಂದವುಗಳಲ್ಲಿ, ಯುನಿಕ್ಸ್ ಮಾದರಿಯ ಲಿನಕ್ಸ್ ವ್ಯವಸ್ಥೆಯನ್ನು ಕುರಿತ ವಿಲಿಯಂ ಷಾಟ್ಸರ ‘ದಿ ಲಿನಕ್ಸ್ ಕಮಾಂಡ್ ಲೈನ್’ ಅಂತರಜಾಲದಲ್ಲಿ ಉಚಿತವಾಗಿಯೇ ಲಭ್ಯವಿದೆ. ಜಿಜ್ಞಾಸುಗಳು ಇದರಿಂದ ಉಪಕ್ರಮಿಸಿ, ಕರ್ನಿಹನ್ನರ ಗ್ರಂಥದಲ್ಲಿ ಮುಂದುವರಿದು, ಸಂಶಯ ಬಂದಾಗಲೆಲ್ಲ ಕೈಪಿಡಿಯನ್ನು ಪರಾಮರ್ಶಿಸುವುದು ಉಚಿತವಾದ ಮಾರ್ಗ.